ಬಿಚ್ಚಲು ಬಾರದ ಯಂತ್ರ ನಮ್ಮ ಮಕ್ಕಳಿಗೆ ಬೇಡ



ಕಳೆದ ತಿಂಗಳ ಆಡಳಿತ ಮಂಡಳಿ ಸಭೆಯಲ್ಲಿ ಗೊಬ್ಬರದ ದಾಸ್ತಾನು, ಮೈಲುತುತ್ತದ ಖರೀದಿ, ಗೋದಾಮಿನ ಸೋರುವ ಛಾವಣಿ ಇವೆಲ್ಲ ಮುಗಿದ ಮೇಲೆ ಕೊನೆಯ ವಿಷಯವಾಗಿ ನಾನೊಂದು ಸಣ್ಣ ಟಿಪ್ಪಣಿಯನ್ನು ಮುಂದಿಟ್ಟೆ. ಸದಸ್ಯರ ಮಕ್ಕಳ ಉಪಯೋಗಕ್ಕಾಗಿ, ಸದಸ್ಯ ಕಲ್ಯಾಣ ನಿಧಿಯಿಂದ, ಹದಿನೈದು ಸಾವಿರ ರೂಪಾಯಿ ಮೀರದಂತೆ ಆರು ರೋಬೋಟ್ ಕಿಟ್ಟುಗಳನ್ನು ಕೊಳ್ಳಬೇಕು ಎಂಬುದು ಅದರ ಸಾರಾಂಶ. ಕಿಟ್ಟು ಎಂದರೆ ಬಿಡಿಭಾಗಗಳ ಪೆಟ್ಟಿಗೆ. ಮಕ್ಕಳು ತಾವೇ ಜೋಡಿಸಿ, ತಾವೇ ಓಡಿಸುವ ಸಣ್ಣ ಯಂತ್ರ.

ಒಬ್ಬ ಹಿರಿಯ ನಿರ್ದೇಶಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಸೆಕ್ರೆಟರಿಗಳೇ, ಕೊನೆ ತೆಗೆಯಲು ಜನ ಸಿಗುವುದಿಲ್ಲ, ಕಾಫಿ ಹಣ್ಣು ಗಿಡದಲ್ಲೇ ಒಣಗುತ್ತದೆ. ನಿಮ್ಮ ರೋಬೋಟು ಮರ ಹತ್ತುತ್ತದೆಯೋ, ಅದನ್ನು ಮೊದಲು ಹೇಳಿ ಮಾರಾಯರೇ" ಎಂದರು. ಸಭೆ ನಕ್ಕಿತು, ನಾನೂ ನಕ್ಕೆ. ಇನ್ನೊಬ್ಬರು ನಗಲಿಲ್ಲ. "ಆಟದ ಸಾಮಾನಿಗೆ ಸಂಘದ ದುಡ್ಡು ಯಾಕೆ? ಬೇಕಾದವರು ಮೊಬೈಲಿನಲ್ಲಿ ತರಿಸಿಕೊಳ್ಳಲಿ. ಈಗ ಮಾತಾಡುವ ರೋಬೋಟೇ ಮನೆ ಬಾಗಿಲಿಗೆ ಬರುತ್ತದೆ. ಸ್ಕ್ರೂ ತಿರುಗಿಸಿಕೊಂಡು ಕೂರುವುದು ಯಾವ ಕಾಲದ ಮಾತು?" ಎಂದರು. ತೀರ್ಮಾನವಾಗಲಿಲ್ಲ. ವಿಷಯವನ್ನು ಮಹಾಸಭೆಗೆ ಬಿಡುವುದೆಂದಾಯಿತು.

ಈ ಎರಡು ಪ್ರಶ್ನೆಗಳೂ ನ್ಯಾಯವಾದವು. ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದು ನನ್ನನ್ನು ಬಹಳ ದಿನ ಕಾಡಿತು. ಮಹಾಸಭೆಯಲ್ಲಿ ಎಲ್ಲವನ್ನೂ ಹೇಳಲು ಹೊತ್ತು ಸಾಲದು. ಆದಕಾರಣ ಇಲ್ಲಿ ಬರೆಯುತ್ತಿದ್ದೇನೆ.

ಮರ ಹತ್ತುವುದಿಲ್ಲ

ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಈ ಕಿಟ್ಟಿನಿಂದ ಯಾರ ತೋಟದ ಕೆಲಸವೂ ಆಗುವುದಿಲ್ಲ. ಅಡಿಕೆ ಮರಕ್ಕೆ ನಮಗೆ ಕಾರ್ಬನ್ ಫೈಬರಿನ ದೋಟಿ ಬಂದಿದೆ. ಬಂಟ್ವಾಳ ತಾಲ್ಲೂಕಿನ ಕೃಷಿಕರೊಬ್ಬರು ಮನುಷ್ಯನನ್ನು ಕೂರಿಸಿಕೊಂಡು ಮರ ಏರುವ ಬೈಕನ್ನು ಮಾಡಿ ತೋರಿಸಿದ್ದು 2019ರಲ್ಲಿ ಎಲ್ಲ ಪತ್ರಿಕೆಗಳಲ್ಲೂ ಬಂತು. ಅವು ಕೆಲಸದ ಯಂತ್ರಗಳು. ನಾನು ಹೇಳುತ್ತಿರುವುದು ಕಲಿಯುವ ಯಂತ್ರದ ವಿಚಾರ.

ರೋಬೋಟ್ ಎಂದರೆ ಕೈಕಾಲು ತಲೆ ಇರುವ ಯಂತ್ರಮಾನವನೇ ಆಗಬೇಕೆಂದಿಲ್ಲ. ಸುತ್ತಲಿನದನ್ನು ಯಾವುದೋ ವಿಧದಲ್ಲಿ ಅರಿಯುವುದು, ಅರಿತದ್ದರ ಮೇಲೆ ಒಂದು ತೀರ್ಮಾನ ತೆಗೆದುಕೊಳ್ಳುವುದು, ಅದಕ್ಕೆ ತಕ್ಕಂತೆ ಚಲಿಸುವುದು, ಈ ಮೂರು ಗುಣ ಇದ್ದರೆ ಅದು ರೋಬೋಟ್. ಪಟ್ಟಣದ ಮನೆಗಳಲ್ಲಿ ನೆಲ ಗುಡಿಸುವ ತಟ್ಟೆಯಾಕಾರದ ಯಂತ್ರವನ್ನು ನಿಮ್ಮಲ್ಲಿ ಅನೇಕರು ಮಕ್ಕಳ ಮನೆಗೆ ಹೋದಾಗ ನೋಡಿರುತ್ತೀರಿ. ಅಮೆರಿಕದ ಐರೋಬೋಟ್ ಕಂಪೆನಿ 'ರೂಂಬಾ' ಎಂಬ ಹೆಸರಿನಲ್ಲಿ ಅದನ್ನು ಮಾರಾಟಕ್ಕೆ ತಂದದ್ದು 2002ರಲ್ಲಿ. ಮೊದಲಿನ ರೂಂಬಾಕ್ಕೆ ಮನೆಯ ನಕ್ಷೆಯೇ ತಿಳಿದಿರಲಿಲ್ಲ. ಮುಂದೆ ಹೋಗು, ಗೋಡೆ ತಗುಲಿದರೆ ತಿರುಗು, ಕೆಳಗೆ ನೆಲ ಇಲ್ಲವೆಂದರೆ ನಿಲ್ಲು. ಇಂಥ ಸರಳ ನಿಯಮಗಳಲ್ಲೇ ಅದು ಕೋಣೆಯನ್ನು ಗುಡಿಸಿ ಮುಗಿಸುತ್ತಿತ್ತು. ಸಮತಟ್ಟಾದ ನೆಲವಾದ್ದರಿಂದ ಅಷ್ಟು ಸಾಕಾಯಿತು. ನಮ್ಮ ಇಳಿಜಾರಿನಲ್ಲಿ, ಮರದ ನೆರಳಿನಲ್ಲಿ, ಒಂದೇ ರೆಕ್ಕೆಯಲ್ಲಿ ಹಸಿರು ಕಾಯಿ, ಹಳದಿ ಕಾಯಿ, ಕೆಂಪು ಹಣ್ಣು ಮೂರೂ ಇರುವ ಗಿಡದಲ್ಲಿ ಹಣ್ಣನ್ನೇ ಆರಿಸಿ ಕೊಯ್ಯುವುದು ಬೇರೆಯೇ ವಿದ್ಯೆ. ಅದನ್ನು ಆಟದ ಕಿಟ್ಟಿನಿಂದ ನಿರೀಕ್ಷಿಸಬಾರದು. ಹಾಗೆಂದು ಯಾರಾದರೂ ನಿಮಗೆ ಹೇಳಿ ಮಾರಲು ಬಂದರೆ ನಂಬಲೂ ಬಾರದು.

ನಾನು ಮಾಡಿದ ತಪ್ಪು

ಇನ್ನು ಎರಡನೆಯ ಪ್ರಶ್ನೆ. ಮಾತಾಡುವ ರೋಬೋಟು ಸಿದ್ಧವಾಗಿ ಸಿಗುವಾಗ ಜೋಡಿಸುವ ಕಿಟ್ಟು ಯಾಕೆ? ಇದಕ್ಕೆ ಉತ್ತರ ನನ್ನದೇ ಮನೆಯಲ್ಲಿದೆ.

ಮೂರು ವರ್ಷದ ಹಿಂದೆ ನನ್ನ ಚಿಕ್ಕ ತಂಗಿಯ ಮಗಳ ಹುಟ್ಟುಹಬ್ಬಕ್ಕೆ ಒಂದು ರೋಬೋಟನ್ನು ತರಿಸಿಕೊಟ್ಟೆ. ಕಂಪೆನಿಯ ಹೆಸರು ಇಲ್ಲಿ ಬೇಡ. ಬೆಳ್ಳಗೆ ನುಣ್ಣಗೆ ಮುದ್ದಾಗಿತ್ತು. ಮೊಬೈಲಿನ ಆ್ಯಪಿನಿಂದ ನಡೆಯುತ್ತಿತ್ತು, ಹೆಸರು ಕರೆದರೆ ತಲೆ ತಿರುಗಿಸುತ್ತಿತ್ತು. ಹುಡುಗಿ ಅದಕ್ಕೊಂದು ಹೆಸರಿಟ್ಟು ರಾತ್ರಿ ಹಾಸಿಗೆಯ ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದಳು. ಒಂದೂವರೆ ವರ್ಷವಾದ ಮೇಲೆ ಆ್ಯಪು ಕೆಲಸ ಮಾಡುವುದನ್ನು ನಿಲ್ಲಿಸಿತು. ಕಂಪೆನಿಗೆ ಬರೆದ ಪತ್ರಕ್ಕೆ ಉತ್ತರವಿಲ್ಲ. "ಮಾವ, ಇದಕ್ಕೆ ಚಾರ್ಜು ಫುಲ್ ಇದೆ, ಕಣ್ಣೂ ಬಿಡುತ್ತದೆ, ಆದರೆ ನನ್ನ ಗುರ್ತವೇ ಇಲ್ಲ" ಎಂದು ಅವಳು ತಂದು ಮೇಜಿನ ಮೇಲಿಟ್ಟಳು.

ನಾನು ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಓದಿದವನು. ಪ್ರೌಢಶಾಲೆಯಲ್ಲಿದ್ದಾಗ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತರಿಸಿ ಟ್ರಾನ್ಸಿಸ್ಟರ್ ರೇಡಿಯೊ ಜೋಡಿಸಿದವನು. ಸ್ಪ್ರೇ ಪಂಪಿನ ಇಂಜಿನ್ನನ್ನು ಈಗಲೂ ನಾನೇ ಬಿಚ್ಚುತ್ತೇನೆ. ಇದೇನು ಮಹಾ ಎಂದು ಸ್ಕ್ರೂಡ್ರೈವರ್ ಹಿಡಿದು ಕುಳಿತೆ. ತಿರುಗಿಸಿ ಮುರುಗಿಸಿ ನೋಡಿದರೆ ಒಂದು ಸ್ಕ್ರೂ ಕೂಡ ಇಲ್ಲ. ಎಲ್ಲ ಅಂಟು ಹಾಕಿ ಮುಚ್ಚಿದ್ದಾರೆ. ಚಾಕುವಿನಿಂದ ಸೀಳಿದಾಗ ಒಳಗೆ ಕಂಡದ್ದು ಹೆಸರು ಅಳಿಸಿದ ಒಂದು ಚಿಪ್ಪು. ಯಂತ್ರದಲ್ಲಿ ಏನೂ ಕೆಟ್ಟಿರಲಿಲ್ಲ. ಮೋಟಾರು ಸರಿ, ಬ್ಯಾಟರಿ ಸರಿ. ಅದರ ಬುದ್ಧಿ ಮಾತ್ರ ನಮ್ಮ ಮನೆಯಲ್ಲಿರಲಿಲ್ಲ. ಎಲ್ಲೋ ದೂರದಲ್ಲಿ ಕಂಪೆನಿಯ ಕಂಪ್ಯೂಟರಿನಲ್ಲಿತ್ತು. ಅವರು ಅಲ್ಲಿ ಗುಂಡಿ ಒತ್ತಿದರು, ಇಲ್ಲಿ ನಮ್ಮ ಹುಡುಗಿ ಅತ್ತಳು.

ಹಣ ಹೋದದ್ದು ದೊಡ್ಡದಲ್ಲ. ಮಗುವಿಗೆ ನಾನು ಏನು ಕಲಿಸಿದೆ? ಯಂತ್ರವೆಂಬುದು ದುಡ್ಡು ಕೊಟ್ಟು ತರುವುದು, ನಿಂತಾಗ ಎಸೆಯುವುದು, ನಡುವೆ ನಮ್ಮ ಕೈಯಲ್ಲಿ ಏನೂ ಇಲ್ಲ ಎಂಬುದನ್ನಲ್ಲವೇ?

ಇದು ನಮ್ಮ ಮನೆಯ ಕಥೆ ಮಾತ್ರವಲ್ಲ

ಪರದೇಶದಲ್ಲಿ ದೊಡ್ಡ ದೊಡ್ಡ ಕಂಪೆನಿಗಳ ರೋಬೋಟುಗಳಿಗೂ ಇದೇ ಗತಿಯಾಗಿದೆ. ಅಮೆರಿಕದಲ್ಲಿ 'ಜೀಬೊ' ಎಂಬ ಮನೆಮಂದಿಯ ಜತೆ ಮಾತಾಡುವ ರೋಬೋಟು 2017ರಲ್ಲಿ 899 ಡಾಲರಿಗೆ ಮಾರಾಟಕ್ಕೆ ಬಂತು. ಎರಡೇ ವರ್ಷದಲ್ಲಿ, 2019ರಲ್ಲಿ, ತನ್ನ ಸರ್ವರುಗಳು ಇನ್ನು ಮುಚ್ಚಲಿವೆ ಎಂದು ಆ ರೋಬೋಟೇ ತನ್ನ ಯಜಮಾನರಿಗೆ ಹೇಳಿ ಬೀಳ್ಕೊಂಡಿತು. 'ಕೋಜ್ಮೊ', 'ವೆಕ್ಟರ್' ಎಂಬ ಪುಟ್ಟ ರೋಬೋಟುಗಳನ್ನು ಮಾಡಿದ ಆಂಕಿ ಎಂಬ ಕಂಪೆನಿ ಬಾಗಿಲು ಮುಚ್ಚಿದ್ದೂ ಅದೇ ವರ್ಷ.

'ಮಾಕ್ಸಿ' ಎಂಬುದರ ಕಥೆ ಇನ್ನೂ ಮನಸ್ಸಿಗೆ ನಾಟುವಂಥದು. ಐದರಿಂದ ಹತ್ತು ವರ್ಷದ ಮಕ್ಕಳಿಗೆ ಜತೆಗಾರನಾಗಿ ಇರಲೆಂದು ಎಂಬಾಡಿಡ್ ಎಂಬ ಕಂಪೆನಿ ಅದನ್ನು ಮಾಡಿತ್ತು. ಬೆಲೆ 799 ಡಾಲರು. 2024ರ ಡಿಸೆಂಬರಿನಲ್ಲಿ, ಬರಬೇಕಾಗಿದ್ದ ಬಂಡವಾಳ ಬರಲಿಲ್ಲವಾಗಿ ಕಂಪೆನಿ ಮುಚ್ಚುತ್ತಿದೆ, ಮಾಕ್ಸಿ ಇನ್ನು ಮಾತಾಡುವುದಿಲ್ಲ ಎಂದು ತಿಳಿಸಿದರು. ಈ ಸಂಗತಿಯನ್ನು ಮಕ್ಕಳಿಗೆ ಹೇಗೆ ಹೇಳಬೇಕೆಂದು ತಾಯ್ತಂದೆಯರಿಗೆ ಒಂದು ಓಲೆಯನ್ನೂ ಬರೆದುಕೊಟ್ಟರಂತೆ. ನ್ಯಾಯಕ್ಕೆ ಇಷ್ಟನ್ನು ಹೇಳಬೇಕು: ಆಮೇಲೆ, ಬಲ್ಲವರು ತಮ್ಮದೇ ಕಂಪ್ಯೂಟರಿನಿಂದ ಅದನ್ನು ನಡೆಸುವಂತೆ ಒಂದು ಪ್ರೋಗ್ರಾಮನ್ನು ಹೊರಗೆ ಬಿಟ್ಟರು. ಬಾಗಿಲು ತೆರೆದರೆ ಯಂತ್ರ ಬದುಕುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

ಜಪಾನಿನ ಸೋನಿ ಕಂಪೆನಿ 1999ರ ಜೂನ್ ತಿಂಗಳಲ್ಲಿ 'ಐಬೊ' ಎಂಬ ನಾಯಿಮರಿ ರೋಬೋಟನ್ನು ಎರಡೂವರೆ ಲಕ್ಷ ಯೆನ್ ಬೆಲೆಗೆ ಬಿಟ್ಟಾಗ, ಜಪಾನಿನ ಪಾಲಿನ ಮೂರು ಸಾವಿರ ನಾಯಿಗಳು ಇಪ್ಪತ್ತೇ ನಿಮಿಷದಲ್ಲಿ ಮಾರಾಟವಾದವು. 2006ರಲ್ಲಿ ತಯಾರಿಕೆ ನಿಂತಿತು. 2014ರಲ್ಲಿ ರಿಪೇರಿಯೂ ನಿಂತಿತು. ಬಿಡಿಭಾಗವಿಲ್ಲ, ವೈದ್ಯರಿಲ್ಲ. ಆಗ ಸೋನಿಯಿಂದ ನಿವೃತ್ತರಾದ ಕೆಲವು ಇಂಜಿನಿಯರುಗಳು ಸೇರಿ ಹಳೆಯ ಐಬೊಗಳ ರಿಪೇರಿ ಶುರುಮಾಡಿದರು. ಕೆಟ್ಟ ನಾಯಿಯ ಭಾಗ ತೆಗೆದು ಬದುಕುವ ನಾಯಿಗೆ ಹಾಕುವುದು. ಭಾಗ ಕೊಟ್ಟ ನಾಯಿಗಳಿಗೆ ಚಿಬಾ ಪ್ರಾಂತದ ಇಸುಮಿಯಲ್ಲಿರುವ ಕೊಫುಕುಜಿ ಎಂಬ ಬೌದ್ಧ ದೇವಾಲಯದಲ್ಲಿ 2015ರಿಂದ ಸಾಮೂಹಿಕ ಅಂತ್ಯವಿಧಿಯೂ ನಡೆಯಿತು. ಓದಿ ನಗು ಬರಬಹುದು. ಆಯುಧಪೂಜೆಯ ದಿನ ಪಂಪುಸೆಟ್ಟಿಗೆ ಹೂವಿಡುವ ನಾವು ನಗಬಾರದು.

ತೆರೆದ ದಾರಿ

ಹಾಗಾದರೆ ರೋಬೋಟುಗಳೆಲ್ಲ ಹೀಗೆಯೇ ಎಂದು ತಿಳಿಯಬೇಡಿ. ಇನ್ನೊಂದು ಪರಂಪರೆಯೂ ಇದೆ.

1982ರಲ್ಲಿ ಅಮೆರಿಕದ ಹೀತ್ ಕಂಪೆನಿ 'ಹೀರೋ-1' ಎಂಬ ರೋಬೋಟನ್ನು ಕಿಟ್ಟಿನ ರೂಪದಲ್ಲಿ ಮಾರಿತು. ಬೆಳಕು, ಶಬ್ದ, ಚಲನೆ ಇವನ್ನು ಅರಿಯುತ್ತಿತ್ತು, ಮಾತನ್ನೂ ಆಡುತ್ತಿತ್ತು. ಕೊಂಡವನು ತಾನೇ ಕುಳಿತು ತಂತಿ ಬೆಸೆದು ಜೋಡಿಸಬೇಕು. ಅದಕ್ಕಾಗಿ ಸರ್ಕ್ಯೂಟಿನ ಪೂರ್ತಿ ನಕ್ಷೆಯನ್ನು ದಪ್ಪ ಪುಸ್ತಕಗಳಲ್ಲಿ ಕೊಡುತ್ತಿದ್ದರು. ಆ ಕಂಪೆನಿ 1992ರಲ್ಲಿ ಕಿಟ್ಟುಗಳ ವ್ಯಾಪಾರ ನಿಲ್ಲಿಸಿತು. ಆದರೂ ನಲವತ್ತು ವರ್ಷ ದಾಟಿದ ಹೀರೋಗಳನ್ನು ಹವ್ಯಾಸಿಗಳು ಇವತ್ತಿಗೂ ರಿಪೇರಿ ಮಾಡಿ ಓಡಿಸುತ್ತಾರೆ. ಕಾರಣ ಒಂದೇ: ನಕ್ಷೆ ಕೈಯಲ್ಲಿದೆ.

1998ರಲ್ಲಿ ಡೆನ್ಮಾರ್ಕಿನ ಲೆಗೊ ಕಂಪೆನಿ 'ಮೈಂಡ್‌ಸ್ಟಾರ್ಮ್ಸ್' ಎಂಬ ಕಿಟ್ಟನ್ನು ತಂದಿತು. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯ ಸೆಮೂರ್ ಪೇಪರ್ಟ್ ಎಂಬ ಪ್ರಾಧ್ಯಾಪಕರು 1980ರಲ್ಲಿ ಬರೆದ ಪುಸ್ತಕದ ಹೆಸರನ್ನೇ ಅದಕ್ಕೆ ಇಟ್ಟರು. ಯಂತ್ರ ಮಗುವಿಗೆ ಪಾಠ ಹೇಳುವುದಲ್ಲ, ಮಗು ಯಂತ್ರಕ್ಕೆ ಪಾಠ ಹೇಳಬೇಕು. ಹಾಗೆ ಹೇಳಿಕೊಡುವಾಗ ಮಗುವೇ ಕಲಿಯುತ್ತದೆ ಎಂಬುದು ಅವರ ವಾದ. ಕಿಟ್ಟು ಅಂಗಡಿಗೆ ಬಂದು ಕೆಲವೇ ವಾರಗಳಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಒಬ್ಬ ವಿದ್ಯಾರ್ಥಿ ಅದರ ಹಳದಿ ಇಟ್ಟಿಗೆಯೊಳಗಿನ ಗುಟ್ಟನ್ನೆಲ್ಲ ಬಿಡಿಸಿ ಲೋಕಕ್ಕೆ ತಿಳಿಸಿಬಿಟ್ಟ. ಕಂಪೆನಿಯವರಿಗೆ ಮೊದಲು ಗಾಬರಿಯಾಯಿತು. ನ್ಯಾಯಾಲಯಕ್ಕೆ ಹೋಗುವ ಮಾತೂ ಬಂತು. ಕೊನೆಗೆ ವಿವೇಕ ಗೆದ್ದು, ಬಿಚ್ಚಿ ನೋಡುವ ಹಕ್ಕು ಕೊಂಡವನಿಗೆ ಉಂಟೆಂದು ಒಪ್ಪಂದ ಪತ್ರದಲ್ಲೇ ಬರೆದರು. 2006ರ ಹೊಸ ಮಾದರಿಯನ್ನು ರೂಪಿಸುವಾಗ ನಾಲ್ವರು ಹವ್ಯಾಸಿಗಳನ್ನು ಕರೆಸಿ ಅವರ ಸಲಹೆಯನ್ನೂ ಪಡೆದರು. ಬಳಸುವವನನ್ನು ಒಳಗೆ ಕರೆದು ಕೂರಿಸಿಕೊಳ್ಳುವುದೇ ಸಹಕಾರ ತತ್ವವಲ್ಲವೇ? ಲೆಗೊ ಅದನ್ನು ಎಂಟು ವರ್ಷ ತಡವಾಗಿ ಕಲಿಯಿತು. 2022ರ ಅಂತ್ಯಕ್ಕೆ ಮೈಂಡ್‌ಸ್ಟಾರ್ಮ್ಸ್ ತಯಾರಿಕೆಯೂ ನಿಂತಿತು. ಆದರೆ 'ಪೈಬ್ರಿಕ್ಸ್' ಎಂಬ ಬಳಗದವರು ತಾವೇ ಬರೆದ ಪ್ರೋಗ್ರಾಮಿನಿಂದ ಅದರ ಇಟ್ಟಿಗೆಗಳು ಓಡುವಂತೆ ಮಾಡಿದ್ದಾರೆ. ತಾಯಿ ಬಿಟ್ಟ ಮಗುವನ್ನು ಊರು ಸಾಕಿದ ಹಾಗೆ.

ಮೂರನೆಯದು, ಮತ್ತು ನಮಗೆ ಎಟಕುವಂಥದು, 'ಆರ್ಡುಯಿನೊ'. 2005ರಲ್ಲಿ ಇಟಲಿಯ ಇವ್ರೇಯಾ ಎಂಬ ಊರಿನ ಒಂದು ವಿನ್ಯಾಸ ಶಾಲೆಯ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗೆ ಕಡಿಮೆ ಖರ್ಚಿನ ಬೋರ್ಡು ಬೇಕೆಂದು ಮಾಡಿಕೊಂಡದ್ದು. ಅಂಗೈ ಅಗಲದ ಹಲಗೆ, ಅದರಲ್ಲೊಂದು ಪುಟ್ಟ ಕಂಪ್ಯೂಟರು. ಅವರು ಅದರ ನಕ್ಷೆಯನ್ನು ಬಚ್ಚಿಡದೆ ಪ್ರಕಟಿಸಿದರು. ಯಾರು ಬೇಕಾದರೂ ಮಾಡಿಕೊಳ್ಳಬಹುದು, ಮಾರಬಹುದು. ಅದರಿಂದಲೇ ಅದೇ ನಮೂನೆಯ ಬೋರ್ಡುಗಳು ಈಗ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತವೆ. ಎರಡು ಮೋಟಾರು, ಚಕ್ರ, ಅಡಿಹಲಗೆ, ಬ್ಯಾಟರಿ ಡಬ್ಬಿ, ಎರಡು ಮೂರು ಸೆನ್ಸರು ಎಲ್ಲ ಸೇರಿ ಎರಡು ಸಾವಿರ ರೂಪಾಯಿಯೊಳಗೆ ಒಂದು ರೋಬೋಟು ಆಗುತ್ತದೆ. 2025ರ ಅಕ್ಟೋಬರಿನಲ್ಲಿ ಅಮೆರಿಕದ ಕ್ವಾಲ್ಕಾಮ್ ಕಂಪೆನಿ ಆರ್ಡುಯಿನೊವನ್ನು ಕೊಳ್ಳುವುದಾಗಿ ಪ್ರಕಟಿಸಿತು. ಮುಂದೆ ಅವರ ನೀತಿ ಹೇಗಿದ್ದರೂ, ಈಗಾಗಲೇ ಹೊರಬಿದ್ದ ನಕ್ಷೆಯನ್ನು ಯಾರೂ ವಾಪಸು ಕಿಸೆಗೆ ಹಾಕಿಕೊಳ್ಳುವಂತಿಲ್ಲ.

ಬೆಳೆಗಾರರಿಗೆ ಇದು ಹೊಸ ಮಾತಲ್ಲ. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ 1910ರ ಸುಮಾರಿಗೆ ಮಲೆನಾಡಿನ ಅಡಿಕೆ ಕೊಳೆರೋಗವನ್ನು ಅಭ್ಯಾಸ ಮಾಡಿ, ಬೋರ್ಡೋ ದ್ರಾವಣ ಸಿಂಪಡಿಸುವ ದಾರಿ ತೋರಿಸಿದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಇದರಲ್ಲಿ ಗುಟ್ಟಿಲ್ಲ. ಹದ ಸರಿಯೋ ಎಂದು ನೋಡಲು ಕತ್ತಿಯ ಅಲಗನ್ನು ಅದ್ದಿ, ತಾಮ್ರದ ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ ಹಾಕುವುದನ್ನು ನಮ್ಮ ಅಜ್ಜಂದಿರೂ ಬಲ್ಲರು. ಆ ಪಾಕ ಯಾವುದೋ ಒಂದು ಕಂಪೆನಿಯ ಪೆಟ್ಟಿಗೆಯಲ್ಲಿ ಬೀಗ ಹಾಕಿಕೊಂಡಿದ್ದು, ಆ ಕಂಪೆನಿ ಮುಳುಗಿದ ವರ್ಷ ನಮಗೆ ಔಷಧಿಯೇ ಇಲ್ಲವೆಂದಾಗಿದ್ದರೆ ಇಂದು ನಮ್ಮ ತೋಟಗಳ ಗತಿ ಏನಾಗುತ್ತಿತ್ತು, ಯೋಚಿಸಿ ನೋಡಿ.

ಮಳೆ ರಜೆಯಲ್ಲಿ ಕಂಡದ್ದು

ಕಳೆದ ಆಷಾಢದಲ್ಲಿ ಶಾಲೆಗೆ ಮಳೆ ರಜೆ ಕೊಟ್ಟಾಗ ಅದೇ ಹುಡುಗಿ ನಮ್ಮ ಮನೆಯಲ್ಲಿದ್ದಳು. ಹೊರಗೆ ಕಾಲಿಡುವ ಹಾಗಿಲ್ಲ, ಕರೆಂಟು ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಬೆಂಗಳೂರಿಗೆ ಹೋಗಿದ್ದಾಗ ತಂದಿಟ್ಟಿದ್ದ ಬಿಡಿಭಾಗಗಳನ್ನು ಜಗಲಿಯಲ್ಲಿ ಹರಡಿಕೊಂಡು ಇಬ್ಬರೂ ಕುಳಿತೆವು. ಪಕ್ಕದ ಮನೆಯ ಇಬ್ಬರು ಹುಡುಗರೂ ಸೇರಿದರು.

ಮೊದಲು ಮಾಡಿದ್ದು ಕಪ್ಪು ಗೆರೆಯ ಮೇಲೆ ಓಡುವ ಬಂಡಿ. ಅಡಿಯಲ್ಲಿ ಎರಡು ಸೆನ್ಸರುಗಳು ಕಣ್ಣಿಗೆ ಕಾಣದ ಕೆಂಪಿನಾಚೆಯ ಬೆಳಕನ್ನು ನೆಲಕ್ಕೆ ಬಿಡುತ್ತವೆ. ಬಿಳಿ ನೆಲ ಅದನ್ನು ಹಿಂದಕ್ಕೆ ಹೊಡೆಯುತ್ತದೆ, ಕಪ್ಪು ಗೆರೆ ನುಂಗಿಬಿಡುತ್ತದೆ. ಎಡಗಣ್ಣಿಗೆ ಕಪ್ಪು ಕಂಡರೆ ಎಡಕ್ಕೆ ತಿರುಗು, ಬಲಗಣ್ಣಿಗೆ ಕಂಡರೆ ಬಲಕ್ಕೆ. ಇಷ್ಟೇ ನಿಯಮ. ಪ್ರೋಗ್ರಾಂ ಬರೆದು ಸ್ವಿಚ್ ಹಾಕಿದರೆ ಬಂಡಿ ನಿಂತಲ್ಲೇ ಗಿರಿಗಿರಿ ತಿರುಗಿತು. ಹುಡುಗರು ನಕ್ಕರು. ನಾನು ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತ ಅರ್ಧ ಗಂಟೆ ಕಳೆದೆ. ಹುಡುಗಿ ಮಾತ್ರ ಬಂಡಿಯನ್ನು ಕೈಯಲ್ಲಿ ಎತ್ತಿ ಹಿಡಿದು ಚಕ್ರಗಳನ್ನೇ ನೋಡುತ್ತಿದ್ದವಳು, "ಮಾವ, ಒಂದು ಚಕ್ರ ಮುಂದೆ ಹೋಗ್ತದೆ, ಒಂದು ಹಿಂದೆ ಹೋಗ್ತದೆ" ಎಂದಳು. ಬಲಗಡೆ ಮೋಟಾರಿಗೆ ನಾನು ತಂತಿಗಳನ್ನು ಅದಲು ಬದಲು ಕೊಟ್ಟಿದ್ದೆ. ಅವಳೇ ಬಿಚ್ಚಿ ತಿರುಗಿಸಿ ಕೊಟ್ಟಳು. ಬಂಡಿ ಗೆರೆ ಹಿಡಿದು ಜಗಲಿಯ ತುದಿಯವರೆಗೆ ಹೋಯಿತು. ನಮ್ಮ ನಾಯಿ ಎದ್ದು ಅಂಗಳಕ್ಕೆ, ಮಳೆಗೆ ಓಡಿತು.

ಮರುದಿನ ಬಾವಲಿಯ ವಿದ್ಯೆ. ಕಿವಿಗೆ ಕೇಳಿಸದ ಶಬ್ದವನ್ನು ಬಿಟ್ಟು, ಅದು ಗೋಡೆಗೆ ತಾಗಿ ಮರಳಿ ಬರಲು ಎಷ್ಟು ಹೊತ್ತಾಯಿತೆಂದು ಅಳೆಯುವ ಸೆನ್ಸರು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಗೋಡೆ ಒಂದು ಮೀಟರ್ ದೂರವಿದ್ದರೆ ಹೋಗಿ ಬರಲು ಸೆಕೆಂಡಿನ ಸಾವಿರದ ಆರು ಪಾಲು. ಏಳನೇ ತರಗತಿಯ ಹುಡುಗ, ಗಣಿತವೆಂದರೆ ದೂರ ಓಡುವವನು, ಹೋಗಿದ್ದಕ್ಕೊಂದು ಬಂದಿದ್ದಕ್ಕೊಂದು ಎಂದು ಎರಡರಿಂದ ಭಾಗಿಸಬೇಕೆಂಬುದನ್ನು ಯಾರೂ ಹೇಳದೆ ತಾನೇ ಕಂಡುಕೊಂಡ. ಈ ನಾಲ್ಕು ದಿನದಲ್ಲಿ ಎರಡು ತಂತಿ ತುಂಡಾದವು, ಒಂದು ಸೆನ್ಸರು ಸುಟ್ಟಿತು. ನೂರು ರೂಪಾಯಿಯೊಳಗಿನ ನಷ್ಟ. ಸುಟ್ಟದ್ದು ಏಕೆ ಸುಟ್ಟಿತೆಂದು ಮೂವರಿಗೂ ಗೊತ್ತಾಯಿತು. ಬೆಳ್ಳಗಿನ ನುಣ್ಣಗಿನ ರೋಬೋಟು ಒಂದೂವರೆ ವರ್ಷದಲ್ಲಿ ಕಲಿಸದಿದ್ದುದು ಇದು.

ಆಕ್ಷೇಪಣೆಗಳು

ಶಾಲೆಗಳಲ್ಲೇ ಇದಕ್ಕೆ ವ್ಯವಸ್ಥೆ ಇದೆಯಲ್ಲ ಎಂದು ಕೆಲವರು ಕೇಳಬಹುದು. ನಿಜ. 2016ರಲ್ಲಿ ನೀತಿ ಆಯೋಗದ ಅಟಲ್ ಇನ್ನೊವೇಷನ್ ಮಿಷನ್ ಆರಂಭವಾಗಿ, ಆರರಿಂದ ಹನ್ನೆರಡನೇ ತರಗತಿಯ ಮಕ್ಕಳಿಗಾಗಿ ಆಯ್ದ ಶಾಲೆಗಳಲ್ಲಿ ಟಿಂಕರಿಂಗ್ ಲ್ಯಾಬುಗಳಾಗಿವೆ. ಒಂದೊಂದು ಶಾಲೆಗೆ ಒಟ್ಟು 20 ಲಕ್ಷ ರೂಪಾಯಿವರೆಗೆ ನೆರವು. 2025ರ ಕೇಂದ್ರ ಮುಂಗಡಪತ್ರದಲ್ಲಿ ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಲ್ಲಿ ಇನ್ನೂ 50,000 ಲ್ಯಾಬುಗಳೆಂದು ಘೋಷಿಸಿದ್ದಾರೆ. ಬಹಳ ಒಳ್ಳೆಯ ಯೋಜನೆ, ಸ್ವಾಗತಿಸಬೇಕಾದದ್ದು. ಆದರೆ ಇಂಥ ಲ್ಯಾಬೊಂದನ್ನು ನಾನು ಒಂದು ಶಾಲೆಯಲ್ಲಿ ನೋಡಿದೆ. ಕಿಟ್ಟುಗಳೆಲ್ಲ ಗಾಜಿನ ಕಪಾಟಿನಲ್ಲಿ ಬೀಗದೊಳಗೆ, ಹೊಚ್ಚ ಹೊಸದಾಗಿದ್ದವು. "ಕಳೆದರೆ ಲೆಕ್ಕ ಕೊಡಬೇಕಲ್ಲ ಸಾರ್" ಎಂದರು ಅಲ್ಲಿಯ ಮೇಷ್ಟ್ರು. ಅವರ ಕಷ್ಟ ಅವರಿಗೆ. ಅಂಟು ಹಾಕಿದ ರೋಬೋಟಿಗೂ ಬೀಗ ಹಾಕಿದ ಕಿಟ್ಟಿಗೂ ಮಗುವಿನ ಪಾಲಿಗೆ ವ್ಯತ್ಯಾಸವಿಲ್ಲ. ನಮ್ಮ ಸಂಘ ಕೊಳ್ಳುವುದಾದರೆ ಕಳೆಯಲಿಕ್ಕೆ, ಸುಡಲಿಕ್ಕೆ, ಮುರಿಯಲಿಕ್ಕೆ ಎಂದೇ ಕೊಳ್ಳಬೇಕು.

ಇದನ್ನು ಕಲಿತ ಮಕ್ಕಳು ತೋಟ ಬಿಟ್ಟು ಬೆಂಗಳೂರಿಗೆ ಹೋಗುತ್ತಾರೆ, ನಾವೇ ದುಡ್ಡು ಕೊಟ್ಟು ಕಳಿಸಿದ ಹಾಗಾಗುತ್ತದೆ ಎಂಬುದು ಇನ್ನೊಂದು ಮಾತು. ಇದನ್ನು ನಾನು ತಳ್ಳಿಹಾಕಲಾರೆ. ನನ್ನ ಮಗನೂ ಅಲ್ಲೇ ಇದ್ದಾನೆ. ಆದರೆ ಕಿಟ್ಟು ಇಲ್ಲದೆಯೂ ಮಕ್ಕಳು ಹೋಗುತ್ತಲೇ ಇದ್ದಾರಲ್ಲ. ಇಲ್ಲಿ ಉಳಿಯುವ ಮಗುವಿಗೂ ನಾಳೆ ಮೊಬೈಲಿನಿಂದ ನಡೆಯುವ ಪಂಪುಸೆಟ್ಟು, ತೇವ ಅಳೆಯುವ ಸೆನ್ಸರು, ಔಷಧಿ ಹೊಡೆಯುವ ಡ್ರೋನು ಇವನ್ನು ಮಾರಲು ಬರುವವರು ಬಂದೇ ಬರುತ್ತಾರೆ. ಆಗ "ಇದರ ಒಳಗೆ ಏನಿದೆ? ಕೆಟ್ಟರೆ ಬಿಡಿಭಾಗ ಎಲ್ಲಿ? ನೀವು ಅಂಗಡಿ ಮುಚ್ಚಿದರೆ ಇದು ಓಡುತ್ತದೆಯೋ?" ಎಂದು ಕೇಳುವ ಬೆಳೆಗಾರ ಬೇಕು. ಅಡಿಕೆ ಸುಲಿಯುವ ಯಂತ್ರದ ಬ್ಲೇಡನ್ನು ನಮ್ಮ ಊರಿನ ವರ್ಕ್‌ಶಾಪಿನಲ್ಲೇ ಹದ ಮಾಡಿಸಿಕೊಳ್ಳುವ ನಾವು, ಈ ಹೊಸ ಯಂತ್ರಗಳ ಎದುರು ಕೈಕಟ್ಟಿ ನಿಲ್ಲಬಾರದು.

ಸಂಘದ ಮುಂದಿರುವ ಸಲಹೆ

ಆದುದರಿಂದ ಮಹಾಸಭೆಯ ಮುಂದೆ ನಾನು ಇಡುವ ಸಲಹೆ ಹೀಗಿದೆ. ಆರು ಕಿಟ್ಟು ಕೊಳ್ಳೋಣ. ಆದರೆ ಕೊಳ್ಳುವಾಗ ಐದು ಷರತ್ತುಗಳಿರಲಿ.

1. ಅಂಟು ಹಾಕಿ ಮುಚ್ಚಿದ್ದು ಬೇಡ. ಸ್ಕ್ರೂ ಇರಬೇಕು, ಮಗು ಬಿಚ್ಚುವಂತಿರಬೇಕು.
2. ಸರ್ಕ್ಯೂಟಿನ ನಕ್ಷೆ ಜತೆಗೆ ಸಿಗಬೇಕು.
3. ಒಂದೊಂದು ಭಾಗವೂ ಬೆಂಗಳೂರು, ಮಂಗಳೂರು ಅಥವಾ ಶಿವಮೊಗ್ಗದಲ್ಲಿ ಬಿಡಿಯಾಗಿ ಸಿಗುವಂಥದ್ದಾಗಿರಬೇಕು.
4. ಇಂಟರ್‌ನೆಟ್ ಇಲ್ಲದೆಯೂ, ಕಂಪೆನಿಯ ಅಪ್ಪಣೆ ಇಲ್ಲದೆಯೂ ಓಡಬೇಕು. ನಮ್ಮ ಮಳೆಗಾಲದ ನೆಟ್‌ವರ್ಕು ನಿಮಗೆ ಗೊತ್ತೇ ಇದೆ.
5. ತಿಂಗಳ ಚಂದಾ ಕೇಳುವ ಯಾವುದೂ ಬೇಡ.

ಕಿಟ್ಟುಗಳನ್ನು ಗೋದಾಮಿನ ಮೇಲಿನ ಕೋಣೆಯಲ್ಲಿ, ಬೀಗವಿಲ್ಲದ ಕಪಾಟಿನಲ್ಲಿ ಇಡೋಣ. ಪುಸ್ತಕ ಭಂಡಾರದಂತೆ ಹದಿನೈದು ದಿನಕ್ಕೆ ಮನೆಗೂ ಕೊಡೋಣ. ಒಂದು ನೋಟುಪುಸ್ತಕ ಇರಲಿ; ಏನು ಮಾಡಿದೆವು, ಏನು ಸುಟ್ಟಿತು, ಏಕೆ ಸುಟ್ಟಿತು ಎಂದು ಮಕ್ಕಳು ಕನ್ನಡದಲ್ಲೇ ಬರೆಯಲಿ. ಮುಂದಿನ ಮಗು ಅದನ್ನು ಓದಿ ಶುರುಮಾಡಲಿ. ಭಾನುವಾರ ಎರಡು ಗಂಟೆ ನಾನು ಬಂದು ಕೂರುತ್ತೇನೆ. ಪಂಪುಸೆಟ್ಟು ರಿಪೇರಿ ಬಲ್ಲ ಸದಸ್ಯರು ಯಾರಾದರೂ ಜತೆಗೂಡಿದರೆ ನನಗಿಂತ ಚೆನ್ನಾಗಿ ಹೇಳಿಕೊಡಬಲ್ಲರು. ತೋಟದ ಕೆಲಸಗಾರರ ಮಕ್ಕಳಿಗೂ ಇದು ತೆರೆದಿರಬೇಕೆಂಬುದು ನನ್ನ ಆಗ್ರಹ. ಒಂದು ವರ್ಷದ ನಂತರ ಉಪಯೋಗವಾಗಲಿಲ್ಲವೆಂದು ಕಂಡರೆ ನಿಲ್ಲಿಸೋಣ. ಹದಿನೈದು ಸಾವಿರದ ಲೆಕ್ಕವನ್ನು ಪೈಸೆ ಪೈಸೆಯಾಗಿ ಇದೇ ಪುಟದಲ್ಲಿ ಕೊಡುತ್ತೇನೆ.

ಸೀಳಿಹಾಕಿದ ಆ ಬೆಳ್ಳನೆಯ ರೋಬೋಟು ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ. ಅದರ ಎರಡು ಮೋಟಾರುಗಳನ್ನು ಹುಡುಗಿ ಬಿಡಿಸಿಕೊಂಡು ತನ್ನ ಎರಡನೆಯ ಬಂಡಿಗೆ ಹಾಕಿದ್ದಾಳೆ. ಚೆನ್ನಾಗಿಯೇ ಓಡುತ್ತಿದೆ. ಮಹಾಸಭೆಗೆ ಅದನ್ನು ತರಲು ಹೇಳಿದ್ದೇನೆ. ಸದಸ್ಯರೆಲ್ಲರೂ ತಪ್ಪದೆ ಬಂದು, ನೋಡಿ, ವಿರೋಧವಿದ್ದರೆ ಎದ್ದು ನಿಂತು ಹೇಳಿ, ತೀರ್ಮಾನ ಮಾಡಬೇಕಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ